ಕಡ್ಡಿಮಾಮನ ಅಂಗೈ

ಧೈರ್ಯವಿಲ್ಲದ ಮನುಷ್ಯನಿಗೆ ಪ್ರಕೃತಿ ಕೊಟ್ಟಿರುವ ಅತ್ಯಂತ ಉಪಯುಕ್ತ ಅಂಗವೆಂದರೆ ಕುತ್ತಿಗೆ. ಓಡಿಹೋಗಲು ಕಾಲು ಬೇಕು, ಕಾಲಿಗೆ ದಾರಿ ಬೇಕು. ಸುಳ್ಳು ಹೇಳಲು ನಾಲಿಗೆ ಬೇಕು, ನಾಲಿಗೆಗೆ ಜ್ಞಾಪಕಶಕ್ತಿ ಬೇಕು. ಕುತ್ತಿಗೆಗೆ ಇದಾವುದರ ಹಂಗೂ ಇಲ್ಲ. ಮೇಲಿಂದ ಕೆಳಕ್ಕೆ ಒಂದೆರಡು ಸಲ ಆಡಿಸಿದರೆ ಎದುರಿಗೆ ನಿಂತ ಅಪಾಯ ತೃಪ್ತಿಪಟ್ಟು ತನ್ನ ಪಾಡಿಗೆ ತಾನು ಹೋಗುತ್ತದೆ. ಈ ನಿಯಮವನ್ನು ಹೂಂರಾಯನಷ್ಟು ನಿಷ್ಠೆಯಿಂದ ಪಾಲಿಸಿದವರು ವಿರಳ. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾರು ಏನು ಹೇಳಿದರೂ 'ಹೂಂ' ಎಂದು ತಲೆಯಾಡಿಸುವುದನ್ನು ಕಂಡು ಆಸ್ಪತ್ರೆಯವರು ಇಟ್ಟ ಹೆಸರೇ ಗಟ್ಟಿಯಾಯಿತು. ನಿಜವಾದ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವನೂ ಎಲ್ಲರ ಜೊತೆ ಸೇರಿ, ಆ ಮನುಷ್ಯ ಎಲ್ಲಿದ್ದಾನೆಂದು ಸುತ್ತಲೂ ನೋಡುತ್ತಿದ್ದ.

ಆ ದೊಡ್ಡ ಆಸ್ಪತ್ರೆಯ ಫಲಕ ವಿಭಾಗದಲ್ಲಿ ಅವನು ಚಿತ್ರಕಾರ. ವಿಭಾಗ ಎಂದರೆ ಒಂದು ಕಿಟಕಿ, ಒಂದು ಮೇಜು, ಒಂದು ಕಂಪ್ಯೂಟರ್ ಮತ್ತು ಅವನು. 'ಎಕ್ಸ್‌ರೇ ಬಲಕ್ಕೆ', 'ಲಿಫ್ಟ್ ಕೆಟ್ಟಿದೆ', 'ಸದ್ದು ಮಾಡಬೇಡಿ' ಮುಂತಾದ ಸಾಹಿತ್ಯವೆಲ್ಲ ಅಲ್ಲಿಂದಲೇ ಹೊರಬೀಳುತ್ತಿತ್ತು. ಬಾಣದ ಗುರುತು ಬರೆಯುವುದರಲ್ಲಂತೂ ಅವನದು ಎತ್ತಿದ ಕೈ. ಬಾಣ ಎತ್ತ ತೋರಿಸಬೇಕೆಂಬುದನ್ನು ಮಾತ್ರ ಬೇರೆಯವರು ಹೇಳಬೇಕಾಗಿತ್ತು.

ಒಂದು ಸಲ ಕಿವಿ ಕೇಳದ ರೋಗಿಯೊಬ್ಬರು ತಮ್ಮ ಹೆಸರು ಕೂಗಿದ್ದು ತಿಳಿಯದೆ, ಬೆಳಗ್ಗೆ ಬಂದವರು ಬಾಗಿಲು ಮುಚ್ಚುವ ತನಕ ಬೆಂಚಿನ ಮೇಲೆ ಕೂತು ಮನೆಗೆ ಹೋಗಿದ್ದರು. ಸುದ್ದಿ ಪತ್ರಿಕೆಯಲ್ಲಿ ಬಂತು. ಆಸ್ಪತ್ರೆಯ ಮೇಲ್ವಿಚಾರಕರು ಸಭೆ ಕರೆದರು.

"ಇನ್ನು ಮೇಲೆ ಕಾಯೋ ಹಾಲ್‌ನ ಪರದೆ ಮೇಲೆ ಸನ್ನೆ ಭಾಷೆ ಬರಬೇಕು," ಎಂದರು. "ಕಿವುಡರ ಸಂಘದವರು ಸನ್ನೆಗಳನ್ನ ಚಿಹ್ನೆ ಚಿಹ್ನೆಯಾಗಿ ಹಾಳೆ ಮೇಲೆ ಬರೆದುಕೊಟ್ಟಿದಾರೆ. ಅದನ್ನ ನೋಡ್ಕೊಂಡು ಕೈಯಾಡಿಸೋ ಒಂದು ಗೊಂಬೆ ಮಾಡಿ ಓಡಿಸಿದ್ರೆ ಆಯ್ತು. ಇಲ್ಲಿ ಸನ್ನೆ ಭಾಷೆ ಯಾರಿಗೆ ಬರುತ್ತೆ?"

ಹೂಂರಾಯ ಅಭ್ಯಾಸಬಲದಿಂದ ತಲೆಯಾಡಿಸಿದ.

"ಓಹೋ, ನಿಮಗೆ ಬರುತ್ತೇನ್ರೀ?"

"ಅವರ ಅತ್ತೆಗೆ ಕಿವಿ ಕೇಳಲ್ಲ ಸಾರ್. ಮನೇಲಿ ಜೊತೇಲೇ ಇದಾರೆ," ಎಂದ ಎಲೆಕ್ಟ್ರಿಷಿಯನ್, ಉಪಕಾರ ಮಾಡುವ ಧಾಟಿಯಲ್ಲಿ.

ಅಲ್ಲಿಗೆ ನಿಲ್ಲಿಸಿದ್ದರೂ ಬದುಕಿಕೊಳ್ಳುತ್ತಿದ್ದ. ಆದರೆ ಒಂದು ಕೋಣೆಯ ಜನರೆಲ್ಲ ತನ್ನ ಕಡೆ ಮೆಚ್ಚುಗೆಯಿಂದ ತಿರುಗಿ ನೋಡಿದ್ದು ಅವನಿಗೆ ಹೊಸ ಅನುಭವ. ಅದು ತಲೆಗೇರಿತು.

"ಮನೇಲಿ ನಮಗೆ ಬೇರೆ ಭಾಷೆಯೇ ಇಲ್ಲ ಸಾರ್," ಎಂದುಬಿಟ್ಟ.

"ಭೇಷ್. ಉದ್ಘಾಟನೆಗೆ ಸಂಘದವರೆಲ್ಲ ಬರ್ತಾರೆ, ದೊಡ್ಡ ಡಾಕ್ಟರೂ ಬರ್ತಾರೆ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ನಿಮ್ಮ ಮೇಜು ಕೆಳಗಡೆ ಹೋಗುತ್ತೆ."

ಕೆಳಗಡೆ ಎಂದರೆ ನೆಲಮಾಳಿಗೆ. ಅಲ್ಲಿ ಹಳೆಯ ಕಡತಗಳ ಕೋಣೆ. ಅದರ ಗೋಡೆಯ ಆಚೆಗೆ ಶವಾಗಾರ. ಹಿಂದೆ ಅಲ್ಲಿಗೆ ವರ್ಗವಾದ ಗುಮಾಸ್ತರೊಬ್ಬರು ಬಾಗಿಲು ತೆಗೆಯುವ ಮುನ್ನ "ಬರಲಾ?" ಎಂದು ಕೇಳುವ ಅಭ್ಯಾಸ ಬೆಳೆಸಿಕೊಂಡಿದ್ದರು. ಒಳಗಿನಿಂದ ಉತ್ತರ ಬರುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಗುಮಾಸ್ತರು ಮಾತ್ರ ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು.

ಹೂಂರಾಯನಿಗೆ ನೆಲಮಾಳಿಗೆಗಿಂತ ಹೆಚ್ಚಿನ ಭಯ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು.

ಅವನ ಅತ್ತೆ, ಅಂದರೆ ಹೆಂಡತಿಯ ತಾಯಿ, ಹುಟ್ಟಿನಿಂದ ಕಿವುಡಿ. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಅವರ ಬೆರಳುಗಳ ವೇಗ ಕಂಡರೆ ಅರಳು ಹುರಿದ ಹಾಗಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವರು ಅಳಿಯನ ಎದುರು ಕೂತು ಏನೋ ಹೇಳಿದರು. ಹೂಂರಾಯನಿಗೆ ಏನೂ ತಿಳಿಯಲಿಲ್ಲ. ಕೇಳಲು ಹೆದರಿಕೆ. ತಲೆಯಾಡಿಸಿದ. ಅತ್ತೆಯ ಮುಖ ಅರಳಿತು. ಅಂದಿನಿಂದ ದಿನವೂ ಸಂಜೆ ಚಹಾ ಆದಮೇಲೆ ಅವರು ಅವನೆದುರು ಕುರ್ಚಿ ಎಳೆದುಕೊಂಡು ಕೂತು ಮನಸಾರೆ ಮಾತಾಡುವುದು, ಅವನು ತಲೆಯಾಡಿಸುವುದು, ಇದು ವರ್ಷಗಟ್ಟಲೆ ನಡೆದುಬಂದಿತ್ತು. ಹೆಂಡತಿ ಆ ಹೊತ್ತಿಗೆ ಮನೆಪಾಠದ ಮಕ್ಕಳನ್ನು ಕೂಡಿಸಿಕೊಂಡಿರುತ್ತಿದ್ದಳು. "ನನಗೇ ಅಮ್ಮನ ಮಾತು ಕೇಳೋ ತಾಳ್ಮೆ ಇಲ್ಲ. ಇವರು ನೋಡಿ, ಒಂದು ದಿನವೂ ಬೇಜಾರು ಮಾಡ್ಕೊಳ್ಳಲ್ಲ. ಕೈಯಾಡಿಸೋಕೆ ನಾಚಿಕೆ, ಆದ್ರೆ ಎಲ್ಲ ಅರ್ಥ ಆಗುತ್ತೆ," ಎಂದು ನೆಂಟರಲ್ಲಿ ಹೇಳಿಕೊಂಡು ಬರುತ್ತಿದ್ದಳು. ನೆಂಟರು ತಮ್ಮ ತಮ್ಮ ಅಳಿಯಂದಿರ ಕಡೆ ತಿರಸ್ಕಾರದಿಂದ ನೋಡುತ್ತಿದ್ದರು.

ಸತ್ಯ ಹೇಳಬೇಕೆಂದರೆ ಹೂಂರಾಯನಿಗೂ ಆ ಸಂಜೆಗಳು ಬೇಕಾಗಿದ್ದವು. ಇಡೀ ದಿನದಲ್ಲಿ ಅವನನ್ನು ಹುಡುಕಿಕೊಂಡು ಬಂದು ಮಾತಾಡುವವರು ಅವರೊಬ್ಬರೇ. ಇನ್ನೊಂದು ವಿಷಯ, ಚಿಹ್ನೆಗಳ ಹಾಳೆಗಳನ್ನು ತಯಾರಿಸಿದ ಸಂಘದಲ್ಲಿ ಅತ್ತೆ ಹಿರಿಯ ಸದಸ್ಯೆ. ಹಾಳೆ ಹಿಡಿದು ಪಕ್ಕದ ಕೋಣೆಗೆ ಹೋಗಿ ಕೇಳಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಕೇಳಿದರೆ, ಇಷ್ಟು ವರ್ಷ ತಲೆಯಾಡಿಸಿದ್ದು ಸುಳ್ಳೆಂದು ತಿಳಿಯುತ್ತದೆ. ಆಮೇಲೆ ಆ ಕುರ್ಚಿ ಅವನೆದುರು ಬರುವುದಿಲ್ಲ. ಬಾವಿ ಮನೆಯಂಗಳದಲ್ಲೇ ಇತ್ತು, ಬಾಯಾರಿಕೆ ಇದೆಯೆಂದು ಹೇಳುವಂತಿರಲಿಲ್ಲ.

ಹಾಗಾಗಿ ಹೂಂರಾಯ ಹಾಳೆಗಳನ್ನು ತಾನೇ ಓದಲು ಕೂತ. ಮೊದಲ ಹಾಳೆಯಲ್ಲಿ ಒತ್ತೊತ್ತಾಗಿ ಮುನ್ನುಡಿ ಇತ್ತು. ಮುನ್ನುಡಿ ಓದುವುದು ಪುರುಸೊತ್ತು ಇರುವವರ ಕೆಲಸವೆಂದು ಅದನ್ನು ಮಗುಚಿಟ್ಟ. ಮುಂದಿನದು ಸುಲಭವಾಗಿಯೇ ಕಂಡಿತು. ದುಂಡನೆಯ ಸೊನ್ನೆ ಎಂದರೆ ತಲೆ. ಸೊನ್ನೆಯೊಳಗೆ ಹುಬ್ಬು, ಬಾಯಿ. ಚೌಕವೆಂದರೆ ಮುಷ್ಟಿ, ಅದಕ್ಕೆ ಅಂಟಿದ ಗೆರೆಗಳು ಬೆರಳು. ಕೈ ಬಿಳಿಯಾಗಿದ್ದರೆ ಅಂಗೈ ಕಾಣುತ್ತಿದೆ ಎಂದರ್ಥ, ಕಪ್ಪಾಗಿದ್ದರೆ ಮುಂಗೈ. ಚುಕ್ಕಿಯಂಥ ನಕ್ಷತ್ರವಿದ್ದರೆ ಕೈ ಅಲ್ಲಿ ಮುಟ್ಟಬೇಕು. ಮಿಕ್ಕಿದ್ದೆಲ್ಲ ಬಾಣ. ಬಾಣಗಳನ್ನು ಕಂಡ ಹೂಂರಾಯನಿಗೆ ತವರಿಗೆ ಬಂದಷ್ಟು ಸಮಾಧಾನವಾಯಿತು.

ಅವನು ಪರದೆಯ ಮೇಲೆ ಒಂದು ಸೊನ್ನೆ, ಅದರ ಕೆಳಗೆ ಐದಾರು ಕಡ್ಡಿ ಎಳೆದು ಮನುಷ್ಯನೊಬ್ಬನನ್ನು ಸೃಷ್ಟಿಸಿದ. ಕೈ ಆರಂಭದಲ್ಲಿ ಎಲ್ಲಿರುತ್ತದೆ, ಕೊನೆಯಲ್ಲಿ ಎಲ್ಲಿರುತ್ತದೆ ಎಂದು ಎರಡು ಭಂಗಿ ಬರೆದುಕೊಟ್ಟರೆ ನಡುವಿನ ಚಲನೆಯನ್ನು ಕಂಪ್ಯೂಟರ್ ತಾನೇ ತುಂಬುತ್ತಿತ್ತು. ಮೊದಲ ಸಲ ಆ ಕಡ್ಡಿಗಳು ಎದ್ದು ಕೈಬೀಸಿದಾಗ ಹೂಂರಾಯ ಹೆದರಿ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿದ. ಗೊಂಬೆಗೆ ಕಡ್ಡಿಮಾಮ ಎಂದು ಹೆಸರಿಟ್ಟವನು ಎಲೆಕ್ಟ್ರಿಷಿಯನ್.

"ಇವನು ಯಾಕೆ ಸಾರ್ ತನ್ನ ಎದೆಗೆ ತಾನೇ ಗುದ್ದಿಕೊಳ್ತಿದಾನೆ?"

"ಅಲ್ಲಿ ನಕ್ಷತ್ರ ಇದೆ. ಮುಟ್ಟಬೇಕು."

"ಮುಟ್ಟೋದು ಬೇರೆ, ಕೆಡವೋದು ಬೇರೆ. ಸ್ವಲ್ಪ ಮೆಲ್ಲಗೆ ಮುಟ್ಟಿಸಿ, ಪಕ್ಕೆಲುಬು ಮುರಿದೀತು."

ಪರದೆಗೆ ಬೇಕಾಗಿದ್ದ ಮುಖ್ಯ ವಾಕ್ಯ ಇದು: ಒಳಗೆ ಬನ್ನಿ, ಹೆದರಬೇಡಿ. 'ಬನ್ನಿ' ಎಂಬ ಚಿಹ್ನೆಯಲ್ಲಿ ಕೈ ಬಿಳಿಯಾಗಿತ್ತು, ಬಾಣ ಹಾಳೆಯಿಂದ ಓದುವವನ ಕಡೆಗೆ ಬರುತ್ತಿತ್ತು. ಹೂಂರಾಯ ಯೋಚಿಸಿದ. ಅಂಗೈ ನನಗೆ ಕಾಣಬೇಕು, ಕೈ ನನ್ನ ಕಡೆಗೆ ಬರಬೇಕು. ಅವನು ಹಾಗೆಯೇ ಬರೆದ. ಕಡ್ಡಿಮಾಮ ನೋಡುವವರ ಮುಖಕ್ಕೆ ಅಂಗೈ ಹಿಡಿದು ಭರ್ರನೆ ಮುಂದಕ್ಕೆ ನೂಕಿದ.

ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ. "ಬನ್ನಿ ಅಂತಾನೋ, ತೊಲಗಿ ಅಂತಾನೋ?"

"ಅದು ಭಾಷೆಯ ಸೂಕ್ಷ್ಮ. ನಿನಗೆ ತಿಳಿಯೋದಿಲ್ಲ," ಎಂದ ಹೂಂರಾಯ. ತನಗೂ ತಿಳಿಯಲಿಲ್ಲವೆಂಬುದು ಆ ವಾಕ್ಯದಲ್ಲಿ ಅಡಗಿತ್ತು.

'ಹೆದರಬೇಡಿ' ಎಂಬಲ್ಲಿ ತಲೆಯ ಸೊನ್ನೆಯ ಮೇಲೆ ಅಡ್ಡಡ್ಡಲಾಗಿ ಎರಡು ಪುಟ್ಟ ಬಾಣಗಳಿದ್ದವು. ತಲೆಯನ್ನು ಅತ್ತಿತ್ತ ಆಡಿಸು ಎಂಬುದಕ್ಕೆ ಅದು ಗುರುತು. ಕುತ್ತಿಗೆಯನ್ನು ಅಡ್ಡಡ್ಡ ಆಡಿಸುವುದು ಹೂಂರಾಯನ ಜೀವನಾನುಭವದ ಆಚೆಗಿನ ವಿಷಯ. ಅದು ಕೂದಲಿರಬೇಕೆಂದು ತೀರ್ಮಾನಿಸಿ ಕಡ್ಡಿಮಾಮನ ನೆತ್ತಿಯ ಮೇಲೆ ಎರಡು ಸುಂದರವಾದ ಗುಂಗುರು ಬರೆದ. ಹೆದರಿಕೆಯ ಮುಖಭಾವವನ್ನು ಮಾತ್ರ ಕನ್ನಡಿ ನೋಡಿಕೊಂಡು ಬರೆದದ್ದರಿಂದ ಅದು ಇಡೀ ಚಿತ್ರದಲ್ಲೇ ಅತ್ಯಂತ ಸಹಜವಾಗಿ ಬಂತು.

ಹೀಗೆ ಒಂದಷ್ಟು ಸನ್ನೆ ಕೈವಶವಾದ ದಿನ ಹೂಂರಾಯ ಮನೆಗೆ ಹೋಗಿ ಚಹಾ ಕುಡಿದು ಕೂತ. ಅತ್ತೆ ಕುರ್ಚಿ ಎಳೆದುಕೊಂಡರು. ಎಂದಿನ ಹಾಗೆ ಮಾತು ಹರಿಯತೊಡಗಿತು. ಇದ್ದಕ್ಕಿದ್ದಂತೆ ಆ ಪ್ರವಾಹದಲ್ಲಿ ಪರಿಚಯದ ಮುಖಗಳು ತೇಲಿಬಂದಂತೆ ಅವನಿಗೆ ಮೂರು ಸನ್ನೆ ಗುರುತು ಸಿಕ್ಕಿದವು. ಅತ್ತೆ ಅವನ ಕಡೆ ಬೆರಳು ತೋರಿಸಿದರು. ನೀನು. ಆಮೇಲೆ ಬಾಗಿಲ ಕಡೆ ತೋರಿಸಿ, ಮುಂಗೈ ಅವನಿಗೆ ಕಾಣುವಂತೆ ಕೈಯನ್ನು ತಮ್ಮ ಕಡೆ ಸೆಳೆದುಕೊಂಡರು. ಮುಂಗೈ ಎಂದರೆ ಕಪ್ಪು. ಕಪ್ಪು ಕೈಯ ಚಿಹ್ನೆ ಹಾಳೆಯಲ್ಲಿ 'ಹೋಗಿ' ಎಂದಿತ್ತು. ಕೊನೆಗೆ ಎದೆಯ ಮೇಲೆ ಕೈ, ಅಗಲವಾದ ಕಣ್ಣು. ಹೆದರಿಕೆ. ತಲೆಯನ್ನೂ ಅತ್ತಿತ್ತ ಆಡಿಸಿದರು, ಕೋಪದಿಂದ ಇರಬೇಕು.

ನೀನು. ಆಚೆ ಹೋಗು. ಹೆದರಿಕೊಂಡು.

ಈ ಸನ್ನೆಗಳು ಹೊಸವಲ್ಲ. ಅತ್ತೆ ಇದನ್ನು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಅವನು ಪ್ರತಿ ಸಲವೂ ನಗುನಗುತ್ತ ಒಪ್ಪಿಕೊಂಡಿದ್ದ. ಅಂದರೆ ತನ್ನನ್ನು ಮನೆಯಿಂದ ಓಡಿಸುವ ಯೋಜನೆಗೆ ತಾನೇ ವರ್ಷಗಳಿಂದ ಸಮ್ಮತಿ ಕೊಡುತ್ತ ಬಂದಿದ್ದಾನೆ. ಇನ್ನು ಸುಮ್ಮನಿದ್ದರೆ ಉಳಿಗಾಲವಿಲ್ಲ. ಅವನು ಜೀವವನ್ನೆಲ್ಲ ಕುತ್ತಿಗೆಗೆ ತಂದುಕೊಂಡು ತಲೆಯನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಉಪಯೋಗಿಸದ ಬಾಗಿಲಿನ ಹಾಗೆ ಕುತ್ತಿಗೆ ಲಟಕ್ಕೆಂದಿತು.

ಅತ್ತೆಯ ಕೈಗಳು ಗಾಳಿಯಲ್ಲೇ ನಿಂತವು. ಅವರು ಅವನನ್ನು ಎವೆಯಿಕ್ಕದೆ ನೋಡಿದರು. ಮುಖ ಬಿಳಿಚಿತು. ಎರಡೂ ಕೈಗಳನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡು, ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮಾರನೆಯ ಸಂಜೆ ಕುರ್ಚಿ ಬರಲಿಲ್ಲ. ಅದರ ಮಾರನೆಯ ಸಂಜೆಯೂ ಇಲ್ಲ. ಅತ್ತೆ ಅವನು ಎದುರಾದರೆ ಕೈಗಳನ್ನು ಶಾಲಿನೊಳಗೆ ಸೇರಿಸಿ, ಗೋಡೆಗೆ ಸವರಿಕೊಂಡು ಹೋಗುತ್ತಿದ್ದರು.

"ರೀ, ಅಮ್ಮನಿಗೆ ನೀವೇನಂದ್ರಿ?" ಎಂದಳು ಹೆಂಡತಿ.

"ನಾನೇನೂ ಅನ್ನಲಿಲ್ಲ."

"ಏನೂ ಅನ್ನದೆ ಯಾರಾದ್ರೂ ಹೀಗಾಗ್ತಾರಾ? ಕೇಳಿದ್ರೆ ನನ್ನ ಹತ್ರಾನೂ ಬಾಯಿ ಬಿಡ್ತಿಲ್ಲ."

ಮೇಲಿನ ಮನೆಯಾಕೆ ಮೆಟ್ಟಿಲ ಮೇಲೆ ನಿಂತೇ ತೀರ್ಪು ಕೊಟ್ಟಳು. "ಮೆತ್ತಗಿರೋ ಗಂಡಸರನ್ನ ನಂಬಬಾರದು ಕಣಮ್ಮ. ಒಳಗೊಳಗೇ ಏನಿರುತ್ತೋ." ಅಂದಿನಿಂದ ಹೂಂರಾಯ ಮೆಟ್ಟಿಲಿಳಿಯುವಾಗ ಆಕೆ ತನ್ನ ಬೆಕ್ಕನ್ನು ಎತ್ತಿಕೊಳ್ಳತೊಡಗಿದಳು.

ಆಮೇಲೆ ಭಾವಮೈದನ ಫೋನ್ ಬಂತು. "ಭಾವ, ಅಮ್ಮ ಉದ್ಘಾಟನೆ ಮುಗಿಸ್ಕೊಂಡು ನಮ್ಮನೆಗೆ ಬಂದ್ಬಿಡ್ತೀನಿ ಅಂತಿದಾರೆ. ನಮ್ಮದು ಒಂದೇ ಕೋಣೆ, ನಿಮಗೆ ಗೊತ್ತಲ್ಲ. ನೀವು ದೊಡ್ಡ ಮನಸ್ಸು ಮಾಡಿ ಏನು ಬೈದಿದೀರೋ ಅದನ್ನ ವಾಪಸ್ ತಗೊಳ್ಳಿ."

"ಹೂಂ," ಎಂದ ಹೂಂರಾಯ, ಬೇರೇನೂ ತೋಚದೆ.

"ಅಂದ್ರೆ ಬೈದಿದ್ದು ನಿಜ?"

"ಹೂಂ... ಅಲ್ಲ."

ಫೋನಿನ ಆ ತುದಿಯಲ್ಲಿ ದೀರ್ಘ ನಿಟ್ಟುಸಿರು ಕೇಳಿಸಿತು.

ಹೂಂರಾಯನ ತರ್ಕ ಹೀಗಿತ್ತು. ಅತ್ತೆಗೆ ಸತ್ಯ ತಿಳಿದುಹೋಗಿದೆ. ತಪ್ಪು ಜಾಗದಲ್ಲಿ ತಲೆಯಾಡಿಸಿ ಸಿಕ್ಕಿಬಿದ್ದಿದ್ದೇನೆ. ಈಗ ಅವರು ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದಾರೆ, ಉದ್ಘಾಟನೆಯ ದಿನ ಎಲ್ಲರೆದುರು ಹೇಳುತ್ತಾರೆ. ಅವನಿಗೆ ಊಟ ಸೇರದಾಯಿತು. ಸಂಜೆ ಖಾಲಿ ಜಾಗದ ಎದುರು ಕೂತು ಚಹಾ ಕುಡಿಯುವಾಗ ತಲೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು, ಕೇಳುವವರಿಲ್ಲದೆ.

ಉದ್ಘಾಟನೆಯ ಬೆಳಗ್ಗೆ ಕಾಯುವ ಹಾಲ್ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಕಿವುಡರ ಸಂಘದವರು, ಅವರ ನಡುವೆ ಶಾಲು ಹೊದ್ದ ಅತ್ತೆ, ಪಕ್ಕದಲ್ಲಿ ಹೆಂಡತಿ. ಹಿಂದೆ ರೋಗಿಗಳು, ದಾದಿಯರು, ಔಷಧದ ಕಿಟಕಿಯವರು. ದೊಡ್ಡ ಡಾಕ್ಟರು ಭಾಷಣದಲ್ಲಿ, "ಈ ಪರದೆ ಇನ್ನು ಮೇಲೆ ಪ್ರತಿಯೊಬ್ಬರನ್ನೂ ಕೈಹಿಡಿದು ಒಳಗೆ ಕರೆದುಕೊಳ್ಳುತ್ತದೆ," ಎಂದು ಹೇಳಿ ಗುಂಡಿ ಒತ್ತಿದರು.

ಆಳೆತ್ತರದ ಕಡ್ಡಿಮಾಮ ಬೆಳಗಿದ. ಗುಂಗುರು ಕೂದಲು ಅಲುಗಾಡಿತು. ಅಂಗೈ ಎತ್ತಿ ಸಭೆಯ ಮುಖಕ್ಕೆ ನೂಕಿದ. ಆಮೇಲೆ ಎದೆ ಮುಟ್ಟಿಕೊಂಡು, ಕಣ್ಣು ಕಿಸಿದು, ಬಾಯಿ ತೆರೆದು ಥರಥರ ನಡುಗಿದ. ಮತ್ತೆ ನೂಕಿದ. ಮತ್ತೆ ನಡುಗಿದ.

ಆಚೆ ಹೋಗಿ. ಹೆದರಿ. ಆಚೆ ಹೋಗಿ. ಹೆದರಿ.

ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡ್ಡಿಮಾಮನ ಮುಖದ ಮೇಲಿನ ಭಯ ಎಷ್ಟು ಪ್ರಾಮಾಣಿಕವಾಗಿತ್ತೆಂದರೆ, ಅದನ್ನು ನಂಬದಿರುವುದು ಯಾರಿಗೂ ಸಾಧ್ಯವಿರಲಿಲ್ಲ. ಸಂಘದ ಅಧ್ಯಕ್ಷರು ಎದ್ದರು. ಅವರ ಹಿಂದೆ ಇಡೀ ಸಾಲು ಎದ್ದಿತು. ಅವರು ಶಿಸ್ತಾಗಿ, ಬೇಗ ಬೇಗ, ತಿರುಗಿ ನೋಡದೆ ಬಾಗಿಲ ಕಡೆ ನಡೆದರು. ಅತ್ತೆಯೊಬ್ಬರು ಮಾತ್ರ ಎದ್ದವರು ಅಲ್ಲೇ ನಿಂತು, ಕುತ್ತಿಗೆ ವಾಲಿಸಿ ಪರದೆಯನ್ನೇ ನೋಡುತ್ತಿದ್ದರು.

"ಯಾಕೆ ಹೋಗ್ತಿದಾರೆ ಇವರೆಲ್ಲ?" ಎಂದರು ದೊಡ್ಡ ಡಾಕ್ಟರು.

ಮೇಲ್ವಿಚಾರಕರು ಯೋಚಿಸಿದರು. ಯೋಚಿಸಿದ್ದೇ ತಪ್ಪಾಯಿತು. "ಸಾರ್, ಕಿವಿ ಕೇಳದವರಿಗೆ ಮೂಗು ಚುರುಕು ಅಂತಾರೆ. ಏನೋ ವಾಸನೆ ಬಂದಿರಬೇಕು. ಗ್ಯಾಸು..."

ಆ ಪದವನ್ನು ಅವರು ಮೆಲ್ಲಗೇ ಹೇಳಿದರು. ಆದರೆ ಭಾಷಣ ಮುಗಿದ ಮೇಲೂ ಮೈಕ್ ಆರಿಸಿರಲಿಲ್ಲ.

ಮುಂದೆ ನಡೆದದ್ದನ್ನು ಕ್ರಮವಾಗಿ ವರ್ಣಿಸುವುದು ಕಷ್ಟ, ಏಕೆಂದರೆ ಕ್ರಮವಾಗಿ ಏನೂ ನಡೆಯಲಿಲ್ಲ. ಕುರ್ಚಿಗಳು ಉರುಳಿದವು. ನಡೆಯಲಾರದವರೆಂದು ಪ್ರಮಾಣಪತ್ರ ಪಡೆದಿದ್ದ ಒಬ್ಬರು ಎರಡೆರಡು ಮೆಟ್ಟಿಲು ಹಾರಿದರು. ಗ್ಲೂಕೋಸ್ ಕಂಬವನ್ನು ಬಂದೂಕಿನಂತೆ ಹೆಗಲಿಗೇರಿಸಿದ ರೋಗಿ ದಾದಿಯನ್ನು ಹಿಂದೆ ಹಾಕಿದ. ಎಲೆಕ್ಟ್ರಿಷಿಯನ್ ಜಾಣತನದಿಂದ ಮುಖ್ಯ ಸ್ವಿಚ್ಚನ್ನು ಆರಿಸಿದ, ಇಡೀ ಹಾಲ್ ಕತ್ತಲಾಯಿತು. ಆ ಕತ್ತಲಲ್ಲಿ ಎಲ್ಲರಿಗಿಂತ ಮೊದಲು ಗೇಟು ಮುಟ್ಟಿದವರು ಮೇಲ್ವಿಚಾರಕರು. ಎರಡನೆಯವರು ದೊಡ್ಡ ಡಾಕ್ಟರು. ಇದಕ್ಕೆ ಗೇಟಿನ ಕಾವಲುಗಾರ ಸಾಕ್ಷಿ.

ಹೂಂರಾಯನೂ ಓಡಿದ. ಆದರೆ ಜನರಿದ್ದ ಕಡೆಗೆಲ್ಲ ಅವನ ಅಪರಾಧವಿತ್ತು. ಜನರೇ ಇಲ್ಲದ ದಾರಿ ಹುಡುಕುತ್ತ ಮೆಟ್ಟಿಲಿಳಿದು, ಸಿಕ್ಕ ಬಾಗಿಲು ನೂಕಿ, ಒಂದು ಕಪಾಟಿನ ಹಿಂದೆ ಕುಕ್ಕರಿಸಿದ. ಉಸಿರು ಹದಕ್ಕೆ ಬಂದಮೇಲೆ ಸುತ್ತ ನೋಡಿದರೆ ಹಳೆಯ ಕಡತಗಳು, ಎತ್ತರದ ಗವಾಕ್ಷಿಯಿಂದ ಬೀಳುವ ಮಬ್ಬು ಬೆಳಕು. ಶಿಕ್ಷೆಯ ಜಾಗಕ್ಕೆ ಆದೇಶ ಬರುವ ಮೊದಲೇ ತಾನಾಗಿ ಹಾಜರಾಗಿದ್ದ. ಗೋಡೆಯ ಆಚೆಯವರು ಮಾತ್ರ ಎಲ್ಲಿಗೂ ಓಡಿರಲಿಲ್ಲ. ಅವರ ಶಾಂತಿಯನ್ನು ಕಂಡು ಅವನಿಗೆ ಮತ್ತಷ್ಟು ಹೆದರಿಕೆಯಾಯಿತು.

ಬಾಗಿಲು ಕಿರುಗುಟ್ಟಿತು. ಶಾಲು ಹೊದ್ದ ಆಕೃತಿಯೊಂದು ಒಳಗೆ ಬಂತು. ಹೂಂರಾಯ ಕಪಾಟಿಗೆ ಇನ್ನಷ್ಟು ಒತ್ತಿಕೊಂಡ. ಅವನನ್ನು ಹಿಂಬಾಲಿಸಿ ಬಂದವರು ಅತ್ತೆ. ಅವರ ಹಿಂದೆ ಏದುಸಿರು ಬಿಡುತ್ತ ಹೆಂಡತಿ.

ಅತ್ತೆ ಶಾಲಿನಿಂದ ಕೈ ಹೊರಗೆ ತೆಗೆದು ಏನೋ ಕೇಳಿದರು. ಹೂಂರಾಯನ ಕುತ್ತಿಗೆ ಕೆಳಗಿಳಿಯಲು ಸಿದ್ಧವಾಯಿತು. ಆದರೆ ಅದಕ್ಕೂ ಸುಸ್ತಾಗಿತ್ತು. ಅವನು ಎರಡೂ ಕೈಗಳನ್ನು ಬರಿದಾಗಿ ಚಾಚಿ, ಭುಜ ಹಾರಿಸಿದ. ಗೊತ್ತಿಲ್ಲ. ಏನೂ ಗೊತ್ತಿಲ್ಲ.

"ಅಮ್ಮ ಕೇಳ್ತಿದಾರೆ, ಯಾವಾಗಿನಿಂದ ನಿಮಗೆ ಅವರ ಮಾತು ಅರ್ಥ ಆಗ್ತಿದೆ ಅಂತ," ಎಂದಳು ಹೆಂಡತಿ.

"ಯಾವತ್ತೂ ಆಗಿಲ್ಲ ಕಣೇ. ಒಂದೇ ಒಂದು ದಿನವೂ ಆಗಿಲ್ಲ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. "ಮತ್ತೆ ಇಷ್ಟು ವರ್ಷ ಕೂತು ತಲೆ ಆಡಿಸಿದ್ದು?"

"ಹೆದರಿಕೆಗೆ."

ಹೆಂಡತಿ ಕೋಪದಿಂದಲೇ ಅದನ್ನು ತಾಯಿಗೆ ಕೈಮಾತಿನಲ್ಲಿ ದಾಟಿಸಿದಳು. ಹೂಂರಾಯ ಕಣ್ಣು ಮುಚ್ಚಿಕೊಂಡ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಅತ್ತೆ ಕಪಾಟಿಗೆ ಒರಗಿ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. ಎಷ್ಟೋ ದಿನಗಳ ಭಾರ ಇಳಿದವರ ನಗು ಅದು. ಅವರ ಬೆರಳುಗಳು ಓಡಿದವು.

"ಅಯ್ಯೋ, ಅಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತಂತೆ," ಎಂದಳು ಹೆಂಡತಿ, ನಂಬಲಾಗದೆ. "ನಿಮಗೆ ಏನೂ ತಿಳಿಯೋದಿಲ್ಲ ಅಂತಲೇ ನಿಮ್ಮ ಹತ್ರ ಎಲ್ಲ ಹೇಳ್ಕೋತಿದ್ರಂತೆ. ಮಕ್ಕಳ ಹತ್ರ ಹೇಳೋಕಾಗದ್ದು. ಅವತ್ತು ನೀವು ತಲೆ ಅಡ್ಡ ಆಡಿಸಿದ ಕೂಡಲೇ, ಇವನಿಗೆ ಭಾಷೆ ಬಂದುಬಿಡ್ತು, ನಾನು ಹೇಳಿದ್ದೆಲ್ಲ ಇವನ ಹೊಟ್ಟೇಲಿದೆ ಅಂತ ಜೀವ ಬಾಯಿಗೆ ಬಂತಂತೆ." ಅವಳು ತಟ್ಟನೆ ತಾಯಿಯ ಕಡೆ ತಿರುಗಿದಳು. ಬಾಯಿಯಲ್ಲೂ ಕೈಯಲ್ಲೂ ಒಟ್ಟಿಗೆ ಕೇಳಿದಳು. "ನನ್ನ ಬಗ್ಗೆ ಏನು ಹೇಳಿದೀಯಮ್ಮಾ?"

ಅತ್ತೆಯ ಕೈಗಳು ಮರಳಿ ಶಾಲಿನೊಳಗೆ ಹೋದವು.

ಆಮೇಲೆ ಅವರು ಅಳಿಯನನ್ನು ಎಬ್ಬಿಸಿ, ಅವನ ಬೆನ್ನ ಹಿಂದೆ ನಿಂತು, ಅವನ ಮಣಿಕಟ್ಟು ಹಿಡಿದರು. ಅಂಗೈಯನ್ನು ಅವನ ಮುಖದ ಕಡೆಗೇ ತಿರುಗಿಸಿ, ಎದೆಯತ್ತ ಸೆಳೆದರು. ಹೂಂರಾಯ ನೋಡಿದ. ತನ್ನದೇ ಅಂಗೈ, ಬಿಳಿ, ತನ್ನ ಕಡೆಗೆ ಬರುತ್ತಿದೆ. ಹಾಳೆಯಲ್ಲಿದ್ದದ್ದು ಇದೇ. ಬರೆದವರು ಅದನ್ನು ನೋಡುವವನ ಕಣ್ಣಿನಿಂದ ಬರೆದಿರಲಿಲ್ಲ, ಮಾತಾಡುವವನು ತನ್ನ ಕೈಯನ್ನು ತಾನು ಕಂಡ ಹಾಗೆ ಬರೆದಿದ್ದರು. ಓದದೆ ಮಗುಚಿಟ್ಟ ಮುನ್ನುಡಿಯಲ್ಲಿ ಇದ್ದದ್ದೂ ಇಷ್ಟೇ. ಇಡೀ ಆಸ್ಪತ್ರೆ ಓಡಿದ್ದು ಒಂದು ಅಂಗೈ ಮಗುಚಿದ್ದಕ್ಕೆ.

ಅದರ ಜೊತೆಗೇ ಆ ಸಂಜೆಯ ಮೂರು ಸನ್ನೆಗಳೂ ಅವನೊಳಗೆ ಮಗುಚಿಕೊಂಡವು. ನೀನು. ಒಳಗೆ ಬಂದರೆ. ನನಗೆ ಹೆದರಿಕೆ ಇಲ್ಲ.

ಅವನು ಅದನ್ನು ಯಾರಿಗೂ ಹೇಳಲಿಲ್ಲ.

ಮೇಜು ಕೆಳಗಡೆ ಹೋಗಲಿಲ್ಲ. ಯಾರು ಮೊದಲು ಓಡಿದರು ಎಂಬ ಪ್ರಶ್ನೆ ಏಳಬಾರದೆಂದು ಮೇಲ್ವಿಚಾರಕರು ಆ ದಿನದ ಘಟನೆಯನ್ನು 'ತುರ್ತು ನಿರ್ಗಮನದ ಯಶಸ್ವಿ ತಾಲೀಮು' ಎಂದು ವರದಿ ಮಾಡಿದರು. ದೊಡ್ಡ ಡಾಕ್ಟರು ಸಂತೋಷದಿಂದ ಸಹಿ ಹಾಕಿದರು. ಅತ್ತೆ ಭಾವಮೈದನ ಮನೆಗೂ ಹೋಗಲಿಲ್ಲ. ಫಲಕ ವಿಭಾಗಕ್ಕೆ ಬಂದು ಕಡ್ಡಿಮಾಮನ ಅಂಗೈ ತಿರುಗಿಸಿದರು, ಗುಂಗುರು ಅಳಿಸಿದರು, ತಲೆ ಆಡಿಸಿದರು. 'ಹೆದರಬೇಡಿ' ಎಂದು ಕಡ್ಡಿಮಾಮ ಹೇಳುವಾಗ ಮುಖದ ಭಯವನ್ನು ಸ್ವಲ್ಪ ಕಡಿಮೆ ಮಾಡಿಸಿದರು, ಪೂರ್ತಿ ತೆಗೆಯಲು ಬಿಡಲಿಲ್ಲ. ಅದು ಚೆನ್ನಾಗಿದೆಯಂತೆ.

ಅಳಿಯನಿಗೆ ಸನ್ನೆ ಕಲಿಸಲೂ ಶುರುಮಾಡಿದರು, ಆದರೆ ಪಾಠಕ್ಕೆ ಒಂದೇ ಷರತ್ತು. ಹೂಂರಾಯ ಆಸ್ಪತ್ರೆಯ ಪದಗಳನ್ನು ಮಾತ್ರ ಕಲಿಯಬೇಕು. ಬನ್ನಿ, ಕೂತುಕೊಳ್ಳಿ, ಮಾತ್ರೆ, ರಕ್ತ, ಬಾಯಿ ತೆರೆಯಿರಿ. ಅದರಾಚೆಗಿನ ಹಾಳೆ ಬಂದರೆ ಅತ್ತೆ ತಟ್ಟನೆ ಮುಚ್ಚುತ್ತಿದ್ದರು. ಆಗಾಗ ಪರೀಕ್ಷೆಯನ್ನೂ ಇಡುತ್ತಿದ್ದರು. ಶಿಷ್ಯ ಹೆಚ್ಚಿಗೆ ಕಲಿತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪರೀಕ್ಷೆ ಇಟ್ಟ ಗುರು ಲೋಕದಲ್ಲಿ ಇನ್ನೊಬ್ಬರಿರಲಾರರು.

ಆದರೆ ಹೆಂಡತಿ ಬಿಡಬೇಕಲ್ಲ. "ಪೂರ್ತಿ ಕಲೀರಿ. ಅಮ್ಮ ನನ್ನ ಬಗ್ಗೆ ಏನಂತಾಳೆ ನನಗೆ ಗೊತ್ತಾಗಬೇಕು," ಎಂದು ದುಂಬಾಲು ಬಿದ್ದಳು. ಹೂಂರಾಯ 'ಹೂಂ' ಎಂದ. ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು, ಮುಚ್ಚಿದ ಹಾಳೆಗಳನ್ನು ತೆರೆದು, ತನ್ನ ಕೈಯನ್ನು ತಾನು ನೋಡಿಕೊಳ್ಳುತ್ತ ಕಲಿತ. ತಿಂಗಳುಗಳು ಕಳೆದವು. ಹೆಂಡತಿ ಕೇಳಿದಾಗಲೆಲ್ಲ, "ಇನ್ನೂ ರಕ್ತ ಪರೀಕ್ಷೆ ತನಕ ಬಂದಿದೀನಿ," ಎನ್ನುತ್ತಿದ್ದ.

ಒಂದು ಸಂಜೆ ಕೊನೆಗೂ ಅತ್ತೆ ಕುರ್ಚಿ ಎಳೆದುಕೊಂಡು ಅವನೆದುರು ಬಂದು ಕೂತರು. ಬಹಳ ದಿನಗಳ ಮೇಲೆ. ಹೂಂರಾಯನ ಕೈಯಲ್ಲಿ ಚಹಾದ ಲೋಟ ಹಬೆಯಾಡುತ್ತಿತ್ತು. ಅತ್ತೆ ಕೂಡಲೇ ಶುರುಮಾಡಲಿಲ್ಲ. ಅವನ ಮುಖವನ್ನೊಮ್ಮೆ ಪರೀಕ್ಷಿಸಿದರು. ಆಮೇಲೆ ಹವಾಮಾನದ ಸುದ್ದಿ ಹೇಳುವಷ್ಟು ನಿರ್ಲಿಪ್ತವಾಗಿ ಎರಡು ಸನ್ನೆ ಮಾಡಿದರು.

ನಿನ್ನ ಕುರ್ಚಿಯ ಕೆಳಗೆ ಹಾವು.

ಹೂಂರಾಯನ ಪಾದದ ಬೆರಳುಗಳು ತಾವಾಗಿ ಮುದುಡಿಕೊಂಡವು. ಹಾರಿದರೆ ಜೀವ ಉಳಿಯುತ್ತದೆ, ಸಂಜೆಗಳು ಹೋಗುತ್ತವೆ. ಹಾವು ಇರಲಿಕ್ಕಿಲ್ಲ ಎಂದಿತು ಬುದ್ಧಿ. ಇದ್ದರೆ? ಎಂದವು ಕಾಲುಗಳು. ಅವನು ನಗುತ್ತ ಮೆಲ್ಲಗೆ ತಲೆಯಾಡಿಸಿದ, ಮೇಲಿಂದ ಕೆಳಕ್ಕೆ. ಲೋಟದ ಚಹಾ ಮಾತ್ರ ಸಣ್ಣಗೆ ಅಲೆಯಾಡಿತು.

ಅತ್ತೆ ನಿಟ್ಟುಸಿರು ಬಿಟ್ಟು, ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಮಗಳ ಸಿಟ್ಟಿನ ಬಗ್ಗೆ ಸ್ವಲ್ಪ ಹೇಳಿದರು. ಮಗನ ಮನೆಗೆ ಹೋದಾಗ ಸೊಸೆ ಬಾಗಿಲು ಎಳೆಯುವ ರೀತಿ ನೆಲ ಅದುರಿದಾಗ ತಮಗೆ ತಿಳಿಯುತ್ತದೆ ಎಂದರು. ಆಮೇಲೆ ಬಲಗೈಯ ಉಂಗುರದ ಬೆರಳನ್ನು ಎತ್ತಿ ತೋರಿಸಿದರು. ಬೆಳಗ್ಗೆ ಎದ್ದಾಗ ಇದು ಮಡಿಚುವುದಿಲ್ಲ. ಹೋದ ವರ್ಷ ಕಿರುಬೆರಳು, ಈಗ ಇದು. ಯಾರಿಗೂ ಹೇಳಿಲ್ಲ. ಎಲ್ಲ ಬೆರಳೂ ಹೀಗೆ ಸೆಟೆದುಕೊಂಡರೆ, ನಾನು ಮೂಕಿ ಆಗುತ್ತೇನೆ. ಅದೊಂದೇ ನನಗೆ ಭಯ.

ಹೂಂರಾಯ ತಲೆಯಾಡಿಸಲು ಮರೆತ. ಲೋಟವನ್ನು ಮುಂದೆ ಚಾಚಿ, ಅತ್ತೆಯ ಬಲಗೈಯನ್ನು ಅದರ ಸುತ್ತ ಇಟ್ಟು, ಬಿಸಿ ತಾಕುವಂತೆ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದ.

ಅತ್ತೆ ಲೋಟವನ್ನು ನೋಡಿದರು. ಅವನನ್ನು ನೋಡಿದರು. ಹುಬ್ಬು ನಿಧಾನವಾಗಿ ಗಂಟಿಕ್ಕಿತು. ಹೂಂರಾಯ ಗಡಿಬಿಡಿಯಿಂದ ಮುಖದ ಮೇಲೆ ತನ್ನ ಹಳೆಯ ಪೆದ್ದು ನಗೆಯನ್ನು ತಂದುಕೊಂಡ.

ಅವರು ಲೋಟವನ್ನು ಎಡಗೈಗೆ ದಾಟಿಸಿ, ಬೆಚ್ಚಗಾದ ಬಲಗೈಯಿಂದ, ಅವನ ಕಣ್ಣಲ್ಲಿ ಕಣ್ಣಿಟ್ಟು, ಸ್ಪಷ್ಟವಾಗಿ ಸನ್ನೆ ಮಾಡಿದರು. ಹಾವು. ದೊಡ್ಡದು. ನಿನ್ನ ಕಾಲ ಹತ್ತಿರ ಬಂತು.

ಹೂಂರಾಯ ಎರಡೂ ಪಾದಗಳನ್ನು ನೆಲಕ್ಕೆ ಗಟ್ಟಿಯಾಗಿ ಊರಿಕೊಂಡು, ಬಹಳ ಸಂತೋಷದಿಂದ ಒಪ್ಪಿಕೊಂಡ.